ಬಯಾಸ್ಕೋಪಿನ ಹುಡುಗಿಗೊಂದು ಸಂಬಂಧ

ನಾನು ಹುಟ್ಟಾ ಅನುಮಾನದವನು. ಹಾಲು ಹಾಕುವವಳು ನಕ್ಕರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುತ್ತೇನೆ. ಕಚೇರಿಯಲ್ಲಿ ಅಮಲ್ದಾರರು “ಚೆನ್ನಾಗಿದ್ದೀಯೇನಯ್ಯಾ?” ಎಂದರೆ ಆವತ್ತೆಲ್ಲ ನನಗೆ ಊಟ ಸೇರುವುದಿಲ್ಲ. ಇಂಥ ಗುಮಾಸ್ತನ ಕಿವಿಯ ಹತ್ತಿರ, ನಂಜನಗೂಡಿನ ಹೊಳೆ ಮರಳಿನ ಮೇಲೆ ಬಯಾಸ್ಕೋಪಿನ ಡೇರೆ ಬಂದಿದೆ, ಬಟ್ಟೆಯ ಮೇಲೆ ಮನುಷ್ಯರು ಓಡಾಡುತ್ತಾರೆ ಎಂದು ತಮಟೆ ಹೊಡೆದರೆ ನಂಬುವವರು ಯಾರು? ಬಟ್ಟೆಯ ಹಿಂದೆ ಯಾರೋ ಇರಲೇಬೇಕು. ಊರೆಲ್ಲ ಮುಂದೆ ಕೂತಿತು, ನಾನೊಬ್ಬ ಕಳ್ಳನನ್ನು ಹಿಡಿಯಲು ಹಿಂದೆ ಹೋದೆ. ಅಲ್ಲಿ ಸಿಕ್ಕಿದ್ದು ಚಿತ್ರ ಚೆನ್ನಾಗಿ ಕಾಣಲೆಂದು ಬಟ್ಟೆಗೆ ಎರಚಲು ಇಟ್ಟಿದ್ದ ನೀರಿನ ಬಾನಿ ಒಂದೇ, ಅದೂ ನನ್ನ ಕಾಲಿಗೆ.

ಕಾಲು ತೆಗೆಯುವಷ್ಟರಲ್ಲಿ ಬಟ್ಟೆಯ ಮೇಲೆ ಒಬ್ಬ ಹುಡುಗಿ ಬಂದಳು. ರೈಲು ಹೊರಟಿತು. ಅವಳು ಕೈ ಬೀಸಿ, ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡಳು. ಯಾವ ಸೀಮೆಯವಳೋ, ಯಾರಿಗಾಗಿ ಅತ್ತಳೋ, ನಾನಂತೂ ಕಾಲನ್ನು ಬಾನಿಯಲ್ಲೇ ಮರೆತು ಆಟ ಮುಗಿಯುವವರೆಗೂ ಗೊಳೋ ಎಂದು ಅತ್ತೆ. ಮುಂದಿನ ಕಥೆಯೆಲ್ಲ ಕಣ್ಣೀರಿನಲ್ಲೇ ಕೊಚ್ಚಿಹೋಯಿತು. ನಡುವೆ ಬಂದ ಅಕ್ಷರಗಳಲ್ಲಿ ಒಂದೂ ತಿಳಿಯಲಿಲ್ಲ. ಹಿಂದಿನಿಂದ ನೋಡಿದರೆ ತಿರುವುಮುರುವಾಗಿ ಕಾಣುತ್ತದಲ್ಲ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನವೇ ನನ್ನನ್ನು ಕೆಡಿಸಿತು. ಡೇರೆಯಲ್ಲಿ ಆ ಅಕ್ಷರಗಳನ್ನು ಓದಿ ಜನಕ್ಕೆ ಕನ್ನಡದಲ್ಲಿ ಕೂಗಿ ಹೇಳುವವನೊಬ್ಬ ಇರುತ್ತಾನೆ. ಅವನಿಗೆ ಚಳಿಜ್ವರ ಬಂದಿತ್ತು. ಡೇರೆಯ ಯಜಮಾನ ನನ್ನನ್ನು ಕೇಳಿದ. ಲೋವರ್ ಸೆಕೆಂಡರಿ ಪಾಸಾದವನು ಇಲ್ಲವೆನ್ನುವುದುಂಟೆ? ಅದೂ ಬನ್ನೂರಿನ ಗೌಡರೊಬ್ಬರು ತಮ್ಮ ಮಗಳನ್ನು ನನಗೆ ಕೊಡುವ ಮಾತು ನಡೆದಿರುವಾಗ? ಗೌಡರಿಗೆ ಇಂಗ್ಲಿಷ್ ಬಲ್ಲ ಅಳಿಯನೇ ಬೇಕು. ಆದರೆ ಅನುಮಾನದಲ್ಲಿ ಅವರು ನನಗೇ ಅಪ್ಪ. “ಕಾಗ್ದದ ಮ್ಯಾಲೆ ಪಾಸಾದೋರ್ನ ಬೇಕಾದಷ್ಟು ಕಂಡಿವ್ನಿ. ನಾಕ್ ಜನದ ಮುಂದೆ ಓದ್ಲಿ, ಆಮ್ಯಾಕೆ ಹೆಣ್ಣಿನ ಮಾತು” ಎಂದಿದ್ದರು. ನಾಳೆಯೇ ಡೇರೆಗೆ ಬನ್ನಿ ಎಂದು ಹೇಳಿ ಕಳಿಸಿದೆ.

ಮಾರನೆಯ ಸಂಜೆ ಗೌಡರು ಮುಂದಿನ ಸಾಲಿನಲ್ಲೇ ದೊಣ್ಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ದೀಪ ಆರಿತು. ಅಕ್ಷರ ಬಂತು. ಮುಂದಿನಿಂದ ನೋಡಿದರೂ ತಿಳಿಯಲಿಲ್ಲ! ಎ, ಬಿ, ಸಿ ಏನೋ ಇದ್ದವು. ಆದರೆ ಕೆಲವಕ್ಕೆ ತಲೆಯ ಮೇಲೆ ಗೆರೆ, ಕೆಲವಕ್ಕೆ ಬುಡದಲ್ಲಿ ಬಾಲ. ಇಂಗ್ಲಿಷಲ್ಲವೇ ಅಲ್ಲ. ಫ್ರಾನ್ಸಿನದೋ ಮತ್ತೆಲ್ಲಿಯದೋ, ಆ ಶ್ರೀಕಂಠೇಶ್ವರನಿಗೇ ಗೊತ್ತು. ಅಕ್ಷರ ಹೋಗಿ ನಿನ್ನೆಯ ಅದೇ ಹುಡುಗಿ ಬಂದಳು. ಗೌಡರು ಕೆಮ್ಮಿದರು.

“ಈ ಹುಡುಗಿಗೆ ತಂದೆ ಇಲ್ಲ!” ಎಂದು ಕೂಗಿಬಿಟ್ಟೆ.

“ಅಯ್ಯೋ ಪಾಪ” ಎಂದಿತು ಡೇರೆ. ಅಷ್ಟರಲ್ಲಿ ಟೋಪಿಯವನೊಬ್ಬ ಬಂದು ಅವಳನ್ನು ತಬ್ಬಿಕೊಂಡ. ಹೆಂಗಸರು ಮುಖಕ್ಕೆ ಸೆರಗು ಮುಚ್ಚಿಕೊಂಡರು.

“ಯಾರಪ್ಪಾ ಅವ್ನು?” ಗೌಡರು ದೊಣ್ಣೆ ಎತ್ತಿದರು.

“ಸೋದರಮಾವ ಗೌಡ್ರೇ! ತೊಟ್ಟಿಲಲ್ಲೇ ಮಾತಾಗಿದೆ.”

“ಅಂಗಾರೆ ಸರಿ.”

ಸೋದರಮಾವ ಎಂದಮೇಲೆ ಹಕ್ಕಿನವನು, ಯಾರೂ ಚಕಾರ ಎತ್ತುವಂತಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಆ ಹುಮ್ಮಸ್ಸಿನಲ್ಲಿ, ಹೂವು ಹಿಡಿದು ಬಂದ ಮೀಸೆಯವನನ್ನು “ಇವನು ಒಡಹುಟ್ಟಿದ ಅಣ್ಣ” ಎಂದೆ. ಮಾವ ರೈಲು ಹತ್ತಿ ಹೋದ. ಹುಡುಗಿ ಅತ್ತಳು, ಜೊತೆಗೆ ನಾನೂ. ಕಣ್ಣೊರೆಸಿಕೊಂಡು ನೋಡುತ್ತೇನೆ, ಅವರ ಗುಡಿಯಲ್ಲಿ ಪಾದ್ರಿಯ ಮುಂದೆ ನಿಂತು ಆ ಅಣ್ಣ ಅವಳ ಬೆರಳಿಗೆ ಉಂಗುರ ತೊಡಿಸುತ್ತಿದ್ದಾನೆ!

ಹೆಂಗಸರ ಕಡೆಯಿಂದ ಒಂದು ಮುದುಕಿ ಕೂಗಿತು: “ಅಯ್ಯೋ ಶಿವ್ನೇ, ಒಡವುಟ್ದೋನ್ನೇ ಕಟ್ಕತಾವ್ಳಲ್ಲಪ್ಪೋ!”

“ಇಲ್ಲಜ್ಜೀ, ಅದು ತವರಿನ ಉಡುಗೊರೆ.”

“ಪೂಜಾರಪ್ಪ ಯಾಕ್ಲಾ ನಿಂತವ್ನೆ ಮತ್ತೆ?”

“ದೃಷ್ಟಿ ತೆಗೆಯೋಕೆ.”

ಆಗ ಅಣ್ಣ ತಂಗಿಗೆ ಮುತ್ತಿಟ್ಟ. ಡೇರೆಗೆ ಡೇರೆಯೇ ಎದ್ದು ನಿಂತಿತು. ಯಾರೋ ಎಸೆದ ಕಡಲೆಕಾಯಿ ಸಿಪ್ಪೆ ನೇರವಾಗಿ ನನ್ನ ಬಾಯಿಗೆ ಬಿತ್ತು, ಅದು ತೆರೆದೇ ಇತ್ತಲ್ಲ.

ಹೊರಗೆ ಗೌಡರು ಕಾಯುತ್ತಿದ್ದರು. “ನಿಜ ಏಳು. ಓದಕ್ಕೆ ಬಂತಾ?”

“ಇಲ್ಲ ಗೌಡ್ರೇ. ಅದು ಇಂಗ್ಲಿಷೇ ಅಲ್ಲ.”

ಇಡೀ ಸಂಜೆ ನಾನಾಡಿದ ನಿಜ ಅದೊಂದೇ. ಅದನ್ನೇ ಅವರು ನಂಬಲಿಲ್ಲ. “ನಮ್ ಮಗೀನ ಮಾತು ಇಲ್ಲಿಗೆ ಬುಟ್ಬುಡು” ಎಂದು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. “ಅಲ್ಲ, ಆ ಹೆಣ್ಮಗೀಗೆ ಅಪ್ಪ ಇಲ್ಲ ಅಂದ್ಯಲ್ಲ. ಅಂಗೇ ಬುಡಕ್ಕಾದದಾ? ನಾಳೀಕೂ ಬತ್ತೀನಿ. ಒಂದ್ ಒಳ್ಳೆ ಸಂಬಂಧ ನೋಡಿ ದಡ ಸೇರ್ಸು ಕಣಪ್ಪಾ.”

ಬಂದರು. ಮೀಸೆಯವನನ್ನು ಈ ಸಲ ಅಣ್ಣನ ಬದಲು ತಲಕಾಡಿನ ಕಡೆಯ ಜಮೀನ್ದಾರ ಮಾಡಿದೆ. “ನೀರಾವರಿ ಎಷ್ಟೈತೆ?” ಎಂದು ಅನುಮಾನಪಟ್ಟರು. ಮಾರನೆಯ ದಿನ ಶಾನುಭೋಗ ಮಾಡಿದೆ, ಅದೂ ಒಪ್ಪಲಿಲ್ಲ. ಡೇರೆ ತಿರುಮಕೂಡಲು ನರಸೀಪುರಕ್ಕೆ ಹೋಯಿತು. ನಾನು ಕಚೇರಿಗೆ ಹೊಟ್ಟೆನೋವೆಂದು ಬರೆದುಕೊಟ್ಟು ಹಿಂದೆಯೇ ಹೋದೆ. ಗೌಡರಿಗೆ ಬನ್ನೂರಿನಿಂದ ಅದು ಇನ್ನೂ ಹತ್ತಿರವಾಯಿತು. ಜ್ವರ ಬಿಟ್ಟು ಬಂದ ಹಳೆಯ ಓದುಗಾರನನ್ನು ಜನವೇ ಇಳಿಸಿದರು. ಅವನು ಆ ಭಾಷೆಯನ್ನೂ ಬಲ್ಲವನು, ಬರೆದಷ್ಟನ್ನೇ ಹೇಳುತ್ತಾನಂತೆ. ಒಮ್ಮೆ ನಿಜವಾದ ಇಂಗ್ಲಿಷ್ ಚಿತ್ರವೂ ಬಂತು. ಎಲ್ಲವೂ ತಿಳಿಯಿತು. ಅರ್ಧಕ್ಕೇ ಎದ್ದು ಬಂದೆ.

ಕೊನೆಗೊಂದು ಸಂಜೆ ಗೌಡರು ವರನನ್ನು ಒಪ್ಪಿದರು. ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, “ಕಂಡೋರ್ ಮಗೀಗೆ ಇಷ್ಟ್ ಒಳ್ಳೆ ಗಂಡು ಉಡುಕ್ದೆ. ನೀನ್ಯಾಕಪ್ಪಾ ಇನ್ನೂ ಮದ್ವೆ ಆಗ್ಲಿಲ್ಲ? ಏನಾರಾ ಐಬೈತಾ?” ಎಂದು ಮೇಲಿಂದ ಕೆಳಗಿನವರೆಗೆ ನೋಡಿದರು.

ಎರಡನೇ ಆಟದ ಗಂಟೆ ಹೊಡೆಯಿತು, ನಾನು ಡೇರೆಯೊಳಕ್ಕೆ ಓಡಿದೆ. ಒಳಗೆ ಅವಳ ಮದುವೆ, ತಂದೆಯಿಲ್ಲದ ಹುಡುಗಿ, ಧಾರೆಯೆರೆದು ಕೊಡಲು ನಾನೇ ಆಗಬೇಕಿತ್ತು.