ಚಟ್ನಿಪುಡಿಯ ವಾರ್ಷಿಕ ಚಂದಾ

ಮಗ್ಗಿ ಬಾಯಿಗೆ ಬರುವುದು ಬೇರೆ, ಅದು ಬೇಕಾದ ಹೊತ್ತಿಗೆ ನೆನಪಿಗೆ ಬರುವುದು ಬೇರೆ. ಚಿತ್ರದುರ್ಗದ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಹನ್ನೆರಡರ ಮಗ್ಗಿಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಹುಡುಗ ಲೆಕ್ಕದಲ್ಲಿ ಗಟ್ಟಿ, ಮಗಳ ಸಂಸಾರ ಹಾಳಾಗಲಾರದು ಎಂಬ ಒಂದೇ ಕಾರಣಕ್ಕೆ ನಮ್ಮ ಮಾವನವರು ನನಗೆ ಹೆಣ್ಣು ಕೊಟ್ಟರು. ಅವರು ಈಗಿಲ್ಲ. ಈ ಕಥೆಯಲ್ಲಿ ನನಗಿರುವ ಒಂದೇ ಸಮಾಧಾನ ಅದು.

ನನ್ನ ಹೆಂಡತಿ ಗೌರಮ್ಮ ಮಾಡುವ ಹುಚ್ಚೆಳ್ಳು ಚಟ್ನಿಪುಡಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ನಮ್ಮ ಶಾಲೆಯಲ್ಲಿದ್ದ ಕನ್ನಡ ಪಂಡಿತರು ಹೊಸದುರ್ಗಕ್ಕೆ ವರ್ಗವಾಗಿ ಹೋದ ಮೇಲೆ, ಯೋಗಕ್ಷೇಮಕ್ಕಿಂತ ಹೆಚ್ಚಾಗಿ ಆ ಪುಡಿಯನ್ನೇ ವಿಚಾರಿಸಿ ಕಾಗದ ಬರೆದರು. ದುಡ್ಡು ಕೊಡುತ್ತೇನೆ, ಟಪಾಲಿನಲ್ಲಿ ಕಳಿಸಿ ಎಂದರು. ಕಳಿಸಿದೆವು. ಅವರ ಮನೆಯಲ್ಲಿ ಉಂಡವರೂ ಕೇಳಿದರು. ಆಗ ನನ್ನ ತಲೆಗೆ ವ್ಯಾಪಾರದ ಹುಳು ಹೊಕ್ಕಿತು. ಪತ್ರಿಕೆಗಳಿಗೆ ವಾರ್ಷಿಕ ಚಂದಾ ಇರುವಂತೆ ಚಟ್ನಿಪುಡಿಗೆ ಏಕಿರಬಾರದು? ದುಡ್ಡು ಮುಂಗಡ, ಪುಡಿ ತಿಂಗಳಿಗೊಂದು ಕಟ್ಟು!

ಲೆಕ್ಕ ಹಾಕಲು ಕುಳಿತೆ. ಒಂದು ಕಟ್ಟು ಪುಡಿಗೆ ಎರಡಾಣೆ. ಹನ್ನೆರಡು ತಿಂಗಳಿಗೆ ಇಪ್ಪತ್ತನಾಲ್ಕು ಆಣೆ. ಟಪಾಲು ಖರ್ಚು ಎರಡಾಣೆ. ಒಟ್ಟು ಇಪ್ಪತ್ತಾರು ಆಣೆ, ಎಂದರೆ ಒಂದು ರೂಪಾಯಿ ಹತ್ತಾಣೆ. ಮಕ್ಕಳಿಗೆ ಕಲಿಸುವಂತೆ ಕೆಳಗಿನಿಂದ ಮೇಲಕ್ಕೆ ಕೂಡಿ ತಾಳೆ ನೋಡಿದೆ. ಸರಿಯಾಗಿತ್ತು. "ಟಪಾಲು ಖರ್ಚು ಸೇರಿ" ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ ಕರಪತ್ರ ಅಚ್ಚು ಮಾಡಿಸಿ ನಾಲ್ಕೂ ಕಡೆಗೆ ಕಳಿಸಿದೆ.

ಒಂದೇ ತಿಂಗಳಲ್ಲಿ ಇಪ್ಪತ್ತೇಳು ಮನಿಯಾರ್ಡರುಗಳು ಬಂದವು. ಹೊಸದುರ್ಗದಿಂದ ಎಂಟು, ಹೊಳಲ್ಕೆರೆಯಿಂದ ಎಂಟು, ಹಿರಿಯೂರಿನಿಂದ ಏಳು, ಬೆಂಗಳೂರು ಮೈಸೂರುಗಳಿಂದ ನಾಲ್ಕು. ಹದಿನೈದು ರೂಪಾಯಿ ಸಂಬಳದವನ ಕೈಗೆ ನಲವತ್ತಮೂರು ರೂಪಾಯಿ ಹದಿನಾಲ್ಕು ಆಣೆ ಒಟ್ಟಿಗೆ ಬಂದರೆ ಏನಾಗಬೇಕೋ ಅದೇ ಆಯಿತು. ವ್ಯಾಪಾರಸ್ಥನಿಗೆ ಒಂದು ಗೌರವ ಬೇಡವೇ ಎಂದು ಕಪ್ಪು ಅಲ್ಪಾಕಾ ಉಣ್ಣೆಯ ಕೋಟೊಂದನ್ನು ಹೊಲಿಸಿಕೊಂಡೆ.

ಮೊದಲ ತಿಂಗಳ ಕಟ್ಟುಗಳು ಹೋದವು. ಎರಡನೆಯ ತಿಂಗಳು ಕೋಟು ಹಾಕಿಕೊಂಡೇ ಟಪಾಲು ಕಚೇರಿಗೆ ಹೋದೆ. ನಮ್ಮ ಪೋಸ್ಟ್‌ಮಾಸ್ತರರು ಕಟ್ಟುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮೂರು ರೂಪಾಯಿ ಆರಾಣೆ ಕೊಡ್ರಿ ಮೇಷ್ಟ್ರೆ."

"ಹೋದ ತಿಂಗ್ಳು ಕೊಟ್ಟಿದ್ದೆನಲ್ರೀ?"

"ಹೋದ ತಿಂಗ್ಳ ಕಟ್ಟಿಗೆ ಹೋದ ತಿಂಗ್ಳು ಕೊಟ್ರಿ. ಈ ಕಟ್ಟಿಗೆ ಈಗ ಕೊಡ್ಬೇಕು. ಬರೋ ತಿಂಗ್ಳೂ ಕೊಡ್ಬೇಕಾಗ್ತೈತೆ. ಟಪಾಲು ಇಲಾಖೆಗೂ ನೀವು ಚಂದಾ ಕಟ್ಟೀರೇನು?"

ಆ ಕ್ಷಣದಲ್ಲಿ ಕೋಟಿನೊಳಗೆ ಬೆವರು ಇಳಿಯಿತು. ವರ್ಷಕ್ಕೆ ಹನ್ನೆರಡು ಸಲ ಹೋಗುವ ಟಪಾಲಿಗೆ ನಾನು ಒಂದೇ ಸಲದ ಖರ್ಚು ಹಿಡಿದಿದ್ದೆ! ನಿಜವಾದ ಟಪಾಲು ಖರ್ಚೇ ಇಪ್ಪತ್ತನಾಲ್ಕು ಆಣೆ. ಪುಡಿಗೆ ಉಳಿಯುವುದು ಎರಡಾಣೆ, ಅದೂ ವರ್ಷಕ್ಕೆ. ಸಂಖ್ಯೆಗಳೆರಡನ್ನೂ ನಾನು ಸರಿಯಾಗಿಯೇ ಕಂಡುಹಿಡಿದಿದ್ದೆ; ಅವು ಒಂದರ ಜಾಗದಲ್ಲಿ ಇನ್ನೊಂದು ಕುಳಿತಿದ್ದವು, ಅಷ್ಟೆ.

ಮನೆಗೆ ಬಂದು ಎರಡು ದಿನ ವಿಷಯ ಮುಚ್ಚಿಟ್ಟೆ. ಚಂದಾದಾರರಿಗೆ ಕಾಗದ ಬರೆದು ಉಳಿದ ಹಣ ಕೇಳೋಣವೆಂದು ಕುಳಿತೆ. "ಮಹಾರಾಜರಾಜಶ್ರೀ" ಎಂದು ಶುರು ಮಾಡಿದರೆ ಕ್ಷೇಮಸಮಾಚಾರ, ಮಳೆಬೆಳೆ ಎಲ್ಲ ಬರುತ್ತಿತ್ತು. ಕಡಿಮೆ ಬಿದ್ದ ಇಪ್ಪತ್ತೆರಡು ಆಣೆಯ ಮಾತು ಮಾತ್ರ ಬರುತ್ತಿರಲಿಲ್ಲ. ಗಣಿತದ ಮೇಷ್ಟ್ರಿಗೆ ಗುಣಾಕಾರ ತಪ್ಪಿತೆಂದು ನಾನೇ ಸಹಿ ಹಾಕಿ ಇಪ್ಪತ್ತೇಳು ಮನೆಗೆ ಸಾರುವುದೆಂದರೇನು? ಮೂರನೆಯ ದಿನ ಗೌರಮ್ಮನೇ ಕೇಳಿದಳು, ಹೇಳಿದೆ. ಅವಳು ಹುರಿಯುವುದನ್ನು ನಿಲ್ಲಿಸಲಿಲ್ಲ.

"ಅಲ್ರೀ, ನಾನು ಒಲೆ ಮುಂದೆ ಕುಂತ್ಕಳ್ಳೋದು ಹನ್ನೆರಡು ಸಲ ಅಂತ ಗೊತ್ತಿತ್ತು. ಟಪಾಲಿನೋನು ಮಾತ್ರ ಒಂದೇ ಸಲ ಹೋಗಿ ಬರ್ತಾನೆ ಅಂದ್ಕಂಡ್ರಾ?"

"ನಿಲ್ಲಿಸಿಬಿಡೋಣ. ದುಡ್ಡು ವಾಪಸು ಕೊಡೋಣ," ಎಂದೆ.

"ಯಾವ ದುಡ್ಡು? ನೀವು ಹಾಕ್ಕಂಡಿರೋ ದುಡ್ಡಾ?" ಎಂದು ಕೋಟಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಕಂಡಿರದ ಊರಿನ ಜನ ನನ್ನ ಪುಡಿ ಹೆಸ್ರು ಹಿಡಿದು ಕಾಯ್ತಾರೆ. ನಡುವೆ ನಿಲ್ಸಿದ್ರೆ ಮೋಸ ಅಂತಾರೆ. ನಿಮ್ಮನ್ನಲ್ಲ, ನನ್ನನ್ನ. ವರ್ಷ ತುಂಬೋಗಂಟ ಕಳ್ಸಾಣ," ಎಂದಳು.

ಅವಳ ಕಣ್ಣಂಚಿನಲ್ಲಿದ್ದದ್ದು ಹುರಿದ ಮೆಣಸಿನಕಾಯಿಯ ಘಾಟು ಮಾತ್ರವಲ್ಲವೆಂದು ನನಗೆ ತಿಳಿಯಿತು. ಮರುದಿನವೇ ಕೋಟನ್ನು ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಅರ್ಧ ಬೆಲೆಗೆ ಮಾರಿದೆ. ಅವರಿಗೆ ಅದು ನನಗಿಂತ ಚೆನ್ನಾಗಿ ಒಪ್ಪಿತು.

ಮೂರನೆಯ ತಿಂಗಳು ಟಪಾಲಿನ ಹಣ ಉಳಿಸಲು, ಶಾಲೆಗೆ ರಜೆ ಬಂದಾಗ, ಸರಕಿನ ಎತ್ತಿನಗಾಡಿಯೊಂದರಲ್ಲಿ ಕುಳಿತು ಹಿರಿಯೂರಿನ ಏಳು ಕಟ್ಟುಗಳನ್ನು ನಾನೇ ಒಯ್ದೆ. ಮುಂಜಾನೆ ಹೊರಟವನು ಸಂಜೆ ಇಳಿದಾಗ ಸೊಂಟ ನನ್ನದೆನ್ನಿಸುತ್ತಿರಲಿಲ್ಲ. ಮೊದಲನೆಯ ವಿಳಾಸ ಕಂದಾಯ ಇಲಾಖೆಯ ನಿವೃತ್ತ ಶೇಖದಾರರೊಬ್ಬರದು. ಬಿಳಿಮೀಸೆಯ ಹಿರಿಯರು, ಜಗುಲಿಯ ಮೇಲೇ ಕುಳಿತಿದ್ದರು. ಕಟ್ಟು ಕೊಟ್ಟು, ನಾನು ಯಾರೆಂದು ಹೇಳಿ, "ಈ ಕಡೆ ಬರೋದಿತ್ತು, ಹಂಗೇ ತಂದೆ," ಎಂದೆ.

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ." ಅವರು ಒಳಗೆ ತಿರುಗಿ ಕೂಗಿದರು: "ಏ, ಕೇಳಿದ್ಯಾ? ಮೂರನೇ ತಿಂಗ್ಳಿಗೇ ಮೇಷ್ಟ್ರು ಬಂದ್ರು! ನಾನು ಗೆದ್ದೆ!"

ಒಳಗಿನಿಂದ ನಗು ಕೇಳಿಸಿತು. ನನಗೆ ಅರ್ಥವಾಗಲಿಲ್ಲ. ಶೇಖದಾರರೇ ಬಿಡಿಸಿ ಹೇಳಿದರು: "ನಿಮ್ಮ ಕರಪತ್ರ ನೋಡಿದ ದಿನವೇ ಲೆಕ್ಕ ಹಾಕಿದ್ದೆ ಕಣ್ರೀ. ಟಪಾಲು ಕಳೆದ್ರೆ ವರ್ಷದ ಪುಡಿ ಎರಡಾಣೆಗೆ ಬೀಳ್ತೈತೆ. ಯಾರೋ ಪುಣ್ಯಾತ್ಮ, ಅವನಿಗೆ ತಿಳಿಯೋಕೆ ಮುಂಚೆ ಕಟ್ಟಿಬಿಡಾಣ ಅಂತ ಅವತ್ತೇ ಮನಿಯಾರ್ಡರ್ ಮಾಡಿದೆ. ಈ ಊರಿನ ಉಳಿದ ಆರು ಮಂದಿಗೂ ನಾನೇ ಹೇಳಿದ್ದು. ಎಷ್ಟು ತಿಂಗ್ಳು ಎಳೀತಾರೆ ನೋಡಾಣ ಅಂತ ನಾನು ಮೂರು ಅಂದೆ, ನಮ್ಮಾಕಿ ನಾಕು ಅಂದ್ಲು."

"ಒಂದು ಕಾಗದ ಬರೀಬಾರ್ದಿತ್ತಾ ಯಜಮಾನ್ರೆ?"

"ಬರೆದ್ರೆ ನಿಲ್ಸಿಬಿಡ್ತಿದ್ರಿ. ಪುಡಿ ಬಲು ಚೆನ್ನಾಗೈತಲ್ರೀ!"

ಆ ಸಂಜೆ ಅವರ ಮನೆಯಲ್ಲೇ ನನಗೆ ರಾಗಿಮುದ್ದೆಯ ಊಟ. ಬಡಿಸುತ್ತ ಅವರ ಮನೆಯಾಕೆ ಕೇಳಿದರು: "ಇಷ್ಟು ದೂರ ನೀವ್ಯಾಕೆ ಅಲೀತೀರಿ? ವಾರಾವಾರ ಗಾಡಿ ಬರ್ತಾವಲ್ಲ, ಏಳನ್ನೂ ಒಂದೇ ಗಂಟು ಕಟ್ಟಿ ನಮ್ಮನೆಗೆ ಹಾಕ್ಸ್ರಿ. ಬೇಕಾದೋರು ಬಂದು ಒಯ್ತಾರೆ." ಶೇಖದಾರರು ಗಾಡಿಯವನ ಕೂಲಿ ತಮ್ಮದೆಂದರು. ಅದು ಪ್ರಾಯಶ್ಚಿತ್ತವೋ ಉಪಕಾರವೋ ನಾನು ಕೇಳಲು ಹೋಗಲಿಲ್ಲ.

ಹೊಸದುರ್ಗದಲ್ಲಿ ನಮ್ಮ ಪಂಡಿತರು, ಹೊಳಲ್ಕೆರೆಯಲ್ಲಿ ಗೌರಮ್ಮನ ಚಿಕ್ಕಮ್ಮ ಇದೇ ಏರ್ಪಾಡಿಗೆ ಒಪ್ಪಿದರು. ಟಪಾಲಿನಲ್ಲಿ ಹೋಗಬೇಕಾದದ್ದು ದೂರದ ನಾಲ್ಕು ಕಟ್ಟು ಮಾತ್ರ. ಲಾಭವೆಂಬುದು ಒಂದು ಕಾಸೂ ಇರಲಿಲ್ಲ. ಆದರೆ ಹನ್ನೆರಡನೆಯ ಕಟ್ಟೂ ಹೊತ್ತಿಗೆ ಸರಿಯಾಗಿ ಎಲ್ಲರ ಮನೆ ಸೇರಿತು. ಅದು ಹೋದ ದಿನ ಗೌರಮ್ಮ ಪಾಯಸ ಮಾಡಿದಳು.

ಮರುವರ್ಷದ ಬೆಲೆಯನ್ನು ಅವಳೇ ಗೊತ್ತುಮಾಡಿದಳು. ಅವಳಿಗೆ ಓದುಬರಹ ಬಾರದು. ನೆಲದ ಮೇಲೆ ಅವರೆಕಾಳನ್ನು ಹನ್ನೆರಡು ಸಾಲಾಗಿ ಜೋಡಿಸಿ, ಪ್ರತಿ ಸಾಲಿನಲ್ಲೂ ಟಪಾಲಿಗೆಂದು ಎರಡು ಕಾಳನ್ನು ಬೇರೆಯಾಗಿಟ್ಟಳು. ಶೇಖದಾರರಂಥವರ ಜಗುಲಿಗೆ ಬಂದು ಒಯ್ಯುವವರಿಗೊಂದು ಬೆಲೆ, ಟಪಾಲಿನವರಿಗೊಂದು ಬೆಲೆ. ಇಷ್ಟು ಕೇಳಿದರೆ ಯಾರೂ ಕಟ್ಟಲಾರರೆಂದು ನಾನು ವಾದಿಸಿದೆ. ಮೂವತ್ತೊಂಬತ್ತು ಜನ ಕಟ್ಟಿದರು.

ಈಗ ನನ್ನ ಪಾಲಿಗೆ ಉಳಿದಿರುವುದು ವಿಳಾಸ ಬರೆಯುವ ಕೆಲಸ. ಬರೆದು ಮುಗಿಸಿ ಕಟ್ಟುಗಳನ್ನು ಎಣಿಸಿಡುತ್ತೇನೆ. ಅವಳು ಬಂದು ಮತ್ತೆ ಮೊದಲಿನಿಂದ ಎಣಿಸುತ್ತಾಳೆ.

"ನಾನು ಆಗಲೇ ಎಣಿಸೀನಿ ಕಣೇ," ಎನ್ನುತ್ತೇನೆ.

"ಗೊತ್ತೈತೆ ಬಿಡ್ರಿ," ಎನ್ನುತ್ತಾಳೆ, "ಅದಕ್ಕೇ ಎಣಿಸ್ತಿರೋದು."