ಮೂರನೇ ಸಾಲಿನ ಮಂಚ

ಮೆರೀಟ: ಈಗ ಎಷ್ಟು ಸೀಟು ತೋರಿಸ್ತಾ ಇದೆ?

ಟೋರ್ಕಿಲ್: ಸೊನ್ನೆ.

ಮೆರೀಟ: ನಿನ್ನೆ?

ಟೋರ್ಕಿಲ್: ನಿನ್ನೆನೂ ಸೊನ್ನೆ. ಆದ್ರೆ ಮಧ್ಯಾಹ್ನ ಒಂದು ಸಲ ಒಂದು ಬಂದಿತ್ತು.

ಮೆರೀಟ: ಒಂದು ಸೀಟಲ್ಲಿ ಇಬ್ಬರು ಹೇಗಪ್ಪಾ ಹೋಗೋದು?

ಟೋರ್ಕಿಲ್: ಸೀಟು ಅನ್ಬೇಡ ಕಣೇ. ಅದು ಮಂಚ. ಗುಂಡಿ ಒತ್ತಿದ್ರೆ ಪೂರ್ತಿ ಮಲಗುತ್ತೆ.

ಮೆರೀಟ: ಗುಂಡಿ ಒತ್ತದೇನೇ ಮಲಗಿರೋದು ನಿನ್ನ ಪಾಯಿಂಟು.

ಜನವರಿಯ ಭಾನುವಾರ. ಡೆನ್ಮಾರ್ಕಿನ ಆರ್ಹುಸ್ ಊರಿನ ತಮ್ಮ ಅಡುಗೆಮನೆಯಲ್ಲಿ ನಿವೃತ್ತ ಭೂಗೋಳದ ಮೇಷ್ಟ್ರು ಟೋರ್ಕಿಲ್ ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ ತಪಸ್ಸಿಗೆ ಕೂತಿದ್ದ. ಒಂದಲ್ಲ ಒಂದು ದಿನ ವಿಮಾನದ ಮುಂಭಾಗದಲ್ಲಿ ಕಾಲು ಚಾಚಿ ಮಲಗಿಸಿಕೊಂಡೇ ಬ್ಯಾಂಕಾಕಿಗೆ ಕರೆದೊಯ್ಯುತ್ತೇನೆ, ಅದೂ ಪಾಯಿಂಟಿನಲ್ಲಿ, ಎಂದು ಹೆಂಡತಿಗೆ ಮಾತು ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದ ಹಾಲು, ಮೊಳೆ, ಹಲ್ಲಿನ ಡಾಕ್ಟರು ಎಲ್ಲವೂ ವಿಮಾನ ಕಂಪನಿಯ ಕಾರ್ಡಿನಲ್ಲೇ; ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ಬಿಟ್ಟಿ ಟಿಕೆಟ್ಟು. ಆ ಪಾಯಿಂಟುಗಳ ಆಯುಸ್ಸು ಮಾರ್ಚ್ ಕೊನೆಗೆ ಮುಗಿಯುತ್ತಿತ್ತು, ಅಷ್ಟರೊಳಗೆ ಟಿಕೆಟ್ಟು ಬುಕ್ ಮಾಡಲೇಬೇಕಿತ್ತು. ಮೆರೀಟಳ ಸೊಂಟವೂ ಇನ್ನೊಂದು ಹತ್ತೊಂಬತ್ತು ವರ್ಷ ಕಾಯುವ ಸ್ಥಿತಿಯಲ್ಲಿರಲಿಲ್ಲ. ತಾನು ಶುದ್ಧ ದಡ್ಡನಿರಬಹುದೇ ಎಂಬ ಅನುಮಾನ ಅವನನ್ನು ಇತ್ತೀಚೆಗೆ ಕಾಡುತ್ತಿತ್ತು. ಮೆರೀಟಳಿಗೆ ಅದು ಹಳೇ ಸುದ್ದಿ.

ಮೆರೀಟ: ಪಾಯಿಂಟಿಗೋಸ್ಕರ ಕೋಪನ್‌ಹೇಗನ್‌ಗೆ ಪರದೇಶದ ಸ್ಟಾಕ್‌ಹೋಮ್ ಸುತ್ತಿಸಿ ವಿಮಾನದಲ್ಲಿ ಕರ್ಕೊಂಡು ಹೋದ ಮಹಾರಾಯ ನೀನು. ರೈಲಲ್ಲಿ ಮೂರು ಗಂಟೆ ದಾರಿ.

ಟೋರ್ಕಿಲ್: ರೈಲಲ್ಲಿ ಪಾಯಿಂಟು ಕೊಡಲ್ಲ.

ಮೆರೀಟ: ಭೂಗೋಳ ಪಾಠ ಮಾಡಿದೋನು ಬೇರೆ. ಮಕ್ಕಳ ಗತಿ ಏನಾಯ್ತೋ.

ಟೋರ್ಕಿಲ್: ತಡಿ, ತಡಿ. ಬಂತು. ಎರಡು. ಅಕ್ಕಪಕ್ಕ. ಮೂರನೇ ಸಾಲು.

ಮೆರೀಟ: ಯಾವತ್ತಿಗೆ?

ಟೋರ್ಕಿಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ತಾರೀಖು ಬದಲಾಗಲಿಲ್ಲ.

ಟೋರ್ಕಿಲ್: ಡಿಸೆಂಬರ್ ಇಪ್ಪತ್ನಾಲ್ಕು.

ಕ್ರಿಸ್‌ಮಸ್ ಮುನ್ನಾದಿನ. ಅವತ್ತು ಡೆನ್ಮಾರ್ಕಿನಲ್ಲಿ ಕಾಗೆಯೂ ಮನೆ ಬಿಟ್ಟು ಹಾರುವುದಿಲ್ಲ. ಸೀಟು ಖಾಲಿ ಇದ್ದದ್ದೂ ಅದಕ್ಕೇ. ಮೂವತ್ತೊಂದು ವರ್ಷದಿಂದ ಆ ಸಂಜೆ ಟೋರ್ಕಿಲ್‌ನ ತಂಗಿ ಬೋಡಿಲ್ ಗಂಡನ ಜೊತೆ ಇವರ ಮನೆಗೇ ಊಟಕ್ಕೆ ಬರುತ್ತಿದ್ದಳು.

ಟೋರ್ಕಿಲ್: ಬಿಡು, ಆಗೋ ಮಾತಲ್ಲ. ಬೋಡಿಲ್ ಎಷ್ಟು ನೊಂದ್ಕೋತಾಳೆ. ಒಂದು ವರ್ಷನೂ ತಪ್ಪಿಸಿಲ್ಲ ಅವಳು.

ಮೆರೀಟ: ನಾನೂ ತಪ್ಪಿಸಿಲ್ಲ. ಮೂವತ್ತೊಂದು ಬಾತುಕೋಳಿ ಹುರಿದಿದೀನಿ. ಒತ್ತು ಗುಂಡಿ.

ಟೋರ್ಕಿಲ್: ಮತ್ತೆ ಕೈ ಕೈ ಹಿಡ್ಕೊಂಡು ಕ್ರಿಸ್‌ಮಸ್ ಮರದ ಸುತ್ತ ಹಾಡೋದು?

ಮೆರೀಟ: ನಾಲ್ಕು ಜನ, ಆರು ಮಂಡಿನೋವು. ಮರ ಬೇಕಾದ್ರೆ ನಮ್ಮ ಸುತ್ತ ಬರಲಿ.

ಟೋರ್ಕಿಲ್: ಅನ್ನದ ಪಾಯಸ?

ಮೆರೀಟ: ಅದರಲ್ಲಿ ಹಾಕೋದು ಒಂದೇ ಬಾದಾಮಿ, ಸಿಕ್ಕೋರಿಗೆ ಬಹುಮಾನ. ವರ್ಷಾ ವರ್ಷಾ ಸಿಗೋದು ನಿನ್ನ ತಂಗಿಗೇ. ಅದನ್ನ ದವಡೆಲಿಟ್ಕೊಂಡು ಏನೂ ಗೊತ್ತಿಲ್ದೋರ ಹಾಗೆ ಕೂತಿರ್ತಾಳೆ. ನಾವು ಹುಡುಕ್ತಾ ಹುಡುಕ್ತಾ ಪಾತ್ರೆ ಖಾಲಿ ಮಾಡ್ತೀವಿ. ಅಷ್ಟೊತ್ತಿಗೆ ನೀನು ಪಾಯಿಂಟಿನ ಪುರಾಣ ತೆಗೆದಿರ್ತೀಯ.

ಟೋರ್ಕಿಲ್: ಅವಳು ತುಟಿಪಿಟಕ್ಕೆನ್ನದೆ ಕೇಳ್ತಾಳೆ, ಗೊತ್ತಾ?

ಮೆರೀಟ: ಬಾಯಲ್ಲಿ ಬಾದಾಮಿ ಇಟ್ಕೊಂಡೋರು ಇನ್ನೇನು ಮಾಡ್ತಾರೆ?

ಅವನ ಬೆರಳು ಗುಂಡಿಯ ಮೇಲೇ ನಿಂತಿತ್ತು. ಮೆರೀಟ ಅದನ್ನು ಹಿಡಿದು ತಾನೇ ಒತ್ತಿದಳು. ಬುಕ್ ಆಯಿತು. ಇನ್ನು ತಂಗಿಗೆ ಹೇಳಬೇಕಾದ ಕಷ್ಟವೊಂದು ಬಾಕಿ. ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವ ಹಾಗೆ ಮಾಡಿ, ಅವನು ತಂಗಿಯ ನಂಬರು ಒತ್ತಿದ.

ಟೋರ್ಕಿಲ್: ಬೋಡಿಲ್, ಒಂದು ಬೇಜಾರಿನ ಸಂಗತಿ. ಈ ಸಲ ಕ್ರಿಸ್‌ಮಸ್‌ಗೆ ನಾವು ಊರಲ್ಲಿರಲ್ಲ.

ಬೋಡಿಲ್: ಅಯ್ಯೋ ಪಾಪ. ಖಂಡಿತ ತಾನೆ? ಆಮೇಲೆ ಮನಸ್ಸು ಬದಲಾಯಿಸಲ್ಲ ಅಲ್ವಾ?

ಟೋರ್ಕಿಲ್: ಬುಕ್ ಆಗಿದೆ. ಬೇಜಾರಾಯ್ತಾ?

ಬೋಡಿಲ್: ಹೋದ ಜೀವ ಬಂತು. ನಿನಗೆ ಹೇಗೆ ಹೇಳೋದು ಅಂತ ಗುರುವಾರದಿಂದ ಒದ್ದಾಡ್ತಿದ್ದೆ. ನಾವೂ ಇರಲ್ಲ ಕಣೋ. ಬ್ಯಾಂಕಾಕ್‌ಗೆ ಹೋಗ್ತಿದೀವಿ. ಮಲಗೋ ಸೀಟು, ಪಾಯಿಂಟಲ್ಲೇ.

ಟೋರ್ಕಿಲ್: ನಿನಗೆಲ್ಲಿಂದ ಬಂತು ಪಾಯಿಂಟು?

ಬೋಡಿಲ್: ಮೂರು ವರ್ಷ ಕೂಡಿಸ್ದೆ. ನೀನೇ ಹೇಳ್ತಿದ್ದೆಯಲ್ಲ, ಪಾಯಸ ತಿನ್ನುವಾಗ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಟೋರ್ಕಿಲ್‌ನ ಎದೆ ಉಬ್ಬಿತು. ಕೇಳಿದೆಯಾ ಎನ್ನುವಂತೆ ಹೆಂಡತಿಯ ಕಡೆ ನೋಡಿದ.

ಟೋರ್ಕಿಲ್: ಅಂದ್ರೆ ನನ್ನ ಮಾತು ಕೇಳಿ ಕೇಳಿ...

ಬೋಡಿಲ್: ಕೇಳೋಕಾಗ್ದೆ ಕಣೋ. ಸಾಯೋದ್ರೊಳಗೆ ಒಂದು ಕ್ರಿಸ್‌ಮಸ್ ಆದ್ರೂ ಪಾಯಿಂಟಿನ ಕಥೆ ಇಲ್ದೆ ಕಳೀಬೇಕು ಅಂತ ಕೂಡಿಸಿದ್ದು. ಅದಿರಲಿ, ನೀವು ಹೊರಡೋದೆಲ್ಲಿಗೆ?

ಟೋರ್ಕಿಲ್: ಬ್ಯಾಂಕಾಕ್. ಇಪ್ಪತ್ನಾಲ್ಕಕ್ಕೆ.

ಆ ಕಡೆ ಟಿಕೆಟ್ಟು ಮಗುಚುವ ಸದ್ದು ಕೇಳಿತು.

ಬೋಡಿಲ್: ಯಾವ ಸಾಲು?

ಟೋರ್ಕಿಲ್: ಮೂರು.

ಬೋಡಿಲ್: ನಮ್ಮದು ನಾಲ್ಕು.

ಫೋನು ಕಟ್ಟಾಯಿತು. ಉಬ್ಬಿದ ಎದೆ ಇಳಿದು ತನ್ನ ಜಾಗಕ್ಕೆ ಬಂತು.

ಟೋರ್ಕಿಲ್: ಗುರುವಾರದಿಂದ ಈ ಸುದ್ದೀನ ದವಡೆಲಿಟ್ಕೊಂಡಿದ್ದಾಳೆ ನೋಡು. ನಾನು ಅಷ್ಟೊಂದು ಕೊರೀತೀನಾ?

ಮೆರೀಟ: ಯೋಚನೆ ಮಾಡ್ಬೇಡ. ಹನ್ನೊಂದು ಗಂಟೆ ಪ್ರಯಾಣ, ನಿಧಾನವಾಗಿ ಮೊದಲಿಂದ ಹೇಳು. ಬೆಲ್ಟು ಕಟ್ಕೊಂಡು ಮಲಗಿರ್ತಾಳೆ, ಎಲ್ಲಿಗೆ ಓಡ್ತಾಳೆ?