ನನ್ನ ಯಂತ್ರ, ಅವಳ ರೊಟ್ಟಿ

ಸುಮ್ಮನೆ ಕೂತು ಕನಸು ಕಾಣುವ ಗಂಡಸರಿಂದ ಮನೆಗೆ ಅಂಥ ತ್ರಾಸೇನಿಲ್ಲ. ಕನಸಿನಿಂದೆದ್ದು ಸ್ಕ್ರೂಡ್ರೈವರ್ ಹುಡುಕುವವರದೇ ಕಾಟ. ನಾನು ಈ ಎರಡನೆಯವರ ಪೈಕಿ. ಬೆಟಗೇರಿಯಿಂದ ಶಿರಹಟ್ಟಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗಣಿತದ ಮಾಸ್ತರ. ಕಿಟಕಿಯ ಪಕ್ಕ ಜಾಗ ಸಿಕ್ಕರೆ ಮುಗಿಯಿತು; ಹೊರಗೆ ಕಪ್ಪು ಮಣ್ಣಿನ ಎರಿಹೊಲಗಳು ಸರಿಯುತ್ತಿರುತ್ತವೆ, ತಲೆಯೊಳಗೆ ಯಂತ್ರ ಓಡುತ್ತಿರುತ್ತದೆ. ಶಿರಹಟ್ಟಿ ದಾಟಿದ್ದೇ ತಿಳಿಯದೆ ಎಷ್ಟೋ ಸಲ ಲಕ್ಷ್ಮೇಶ್ವರದಲ್ಲಿ ಇಳಿದಿದ್ದೇನೆ. ಈಗ ಕಂಡಕ್ಟರನೇ ಬಂದು ಭುಜ ಅಲುಗಾಡಿಸುತ್ತಾನೆ: "ಸರ್, ನಿಮ್ಮ ಊರು ಬಂತ್ರಿ. ಉಳಿದ ಕನಸು ಸಂಜಿಮುಂದ ಕಾಣ್ರಿ."

ಯಂತ್ರವೆಂದರೆ ಸಿಎನ್‌ಸಿ ರೌಟರ್. ಕಂಪ್ಯೂಟರಿನಲ್ಲಿ ಬರೆದದ್ದನ್ನು ಹಲಗೆಯ ಮೇಲೆ ತಾನೇ ಕೆತ್ತುವ ಸಾಧನ. ಅಂಗಡಿಯದು ಮಾಸ್ತರನ ಪಗಾರಕ್ಕೆ ಎಟುಕುವಂಥದ್ದಲ್ಲ, ಹಾಗಾಗಿ ವಿಡಿಯೋ ನೋಡಿ ನಾನೇ ಕಟ್ಟಿದೆ. ಗುಜರಿಯಿಂದ ಹಳೆಯ ಪ್ರಿಂಟರುಗಳ ಮೋಟಾರು ಬಂದವು. ಅಡುಗೆಮನೆಯ ಡ್ರಾವರು ಜಾರುವ ಚಾನಲ್ಲುಗಳು ಬಂದವು. ಆ ಡ್ರಾವರು ಈಗ ನೆಲದ ಮೇಲೆ ಕೂತಿದೆ. ಚೌಕಟ್ಟಿಗೆ ಶಿಗ್ಲಿಯ ಮಾವನವರ ಹಳೆಯ ಮಗ್ಗದ ಕಟ್ಟಿಗೆ. "ಮಗ್ಗ ಇದ್ದಾಗ ಸೀರಿನರ ಬರತಿತ್ತಪಾ, ಇದರಾಗ ಏನು ಬರತೈತಿ?" ಎಂದು ಕೇಳುತ್ತಲೇ ಅವರು ಕಟ್ಟಿಗೆ ಹೊರಿಸಿ ಕಳಿಸಿದ್ದರು.

ಏನು ಬರಬೇಕೆಂದು ಹೆಂಡತಿ ಗಿರಿಜಾ ಹೇಳಿದಳು. ಪಡಸಾಲೆಯಲ್ಲಿ ಅವಳು ಖಡಕ್ ರೊಟ್ಟಿಯ ಅಂಗಡಿ ತೆರೆಯುವವಳಿದ್ದಳು. ಇಷ್ಟು ವರ್ಷ ಊರವರ ಮದುವೆ, ಸೀಮಂತಗಳಿಗೆ ರೊಟ್ಟಿ ಬಡಿದು ಕೊಟ್ಟವಳಿಗೆ ತನ್ನ ಹೆಸರನ್ನು ಬಾಗಿಲ ಮೇಲೆ ನೋಡುವ ಆಸೆ. "ಫ್ಲೆಕ್ಸ್ ಬ್ಯಾಡ, ಕಟ್ಟಿಗಿ ಮ್ಯಾಲೆ ಬೇಕು. ಸೋಮವಾರ ಅಂಗಡಿ ತೆಗಿಯೂದು. ಆಗತೈತೋ ಇಲ್ಲೋ, ಈಗ ಹೇಳಿಬಿಡ್ರಿ." ನಾನು ಆತು ಎಂದೆ. ಅವಳು ನನ್ನನ್ನು ಏನಾದರೂ ಕೇಳುವುದೇ ಅಪರೂಪ.

ಆದರೆ ಪರೀಕ್ಷೆಗೆಂದು ಕೆತ್ತಿದ ಅಕ್ಷರಗಳೆಲ್ಲ ನಡುಗಿದವು. ಸ್ಕ್ರೂ ಬಿಗಿದೆ, ಮೋಟಾರು ಬದಲಿಸಿದೆ, ಕರೆಂಟನ್ನು ಬೈದೆ. ಕಡೆಗೊಮ್ಮೆ ಗೋಡೆಗೆ ಕೈ ಹಚ್ಚಿದಾಗ ಗೊತ್ತಾಯಿತು. ಯಂತ್ರವನ್ನು ನಾನು ಚಿಕ್ಕ ಕೋಣೆಯ ಗೋಡೆಗೇ ಬಿಗಿದಿದ್ದೆ. ಅದರ ಆಚೆ ಬದಿಗೆ ಅಡುಗೆಮನೆ, ಗಿರಿಜಾಳ ರೊಟ್ಟಿಯ ಕಲ್ಲು. ಅವಳು ಪಟಪಟ ಬಡಿದಾಗಲೆಲ್ಲ ಇಲ್ಲಿ ಗೆರೆ ಅಲುಗುತ್ತಿತ್ತು. ಬಿಚ್ಚಿ ಹೊರಗೊಯ್ಯೋಣವೆಂದರೆ ಯಂತ್ರ ಬಾಗಿಲಿನಲ್ಲಿ ಹಿಡಿಸಲಿಲ್ಲ. ಕಟ್ಟುವ ಮೊದಲು ಬಾಗಿಲು ಅಳೆಯಬೇಕೆಂದು ಗಣಿತದ ಮಾಸ್ತರನಿಗೆ ಹೊಳೆದಿರಲಿಲ್ಲ.

ರವಿವಾರ ಬಂತು. ಉಳಿದಿದ್ದು ಒಂದೇ ಸಾಗವಾನಿ ಹಲಗೆ. ಅದನ್ನು ಕೆತ್ತಲು ಇಡೀ ದಿನ ಬೇಕು. ಅವಳ ರೊಟ್ಟಿಗೂ ಇಡೀ ದಿನ ಬೇಕು. "ಸ್ವಲ್ಪ ಬಡಿಯೂದು ನಿಲ್ಲಸ್ತೀಯೇನು? ನೀ ಬಡದಾಗೊಮ್ಮೆ ಅಲ್ಲಿ ಅಕ್ಷರ ನಡಗತಾವ." ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಅವಳು ತಲೆ ಎತ್ತದೆ, "ಬೋರ್ಡ್ ಇಲ್ಲಂದ್ರೂ ಅಂಗಡಿ ನಡೀತೈತಿ. ರೊಟ್ಟಿ ಇಲ್ಲಂದ್ರ?" ಎಂದಳು. ವಾಪಸ್ಸು ಬಂದು ಸ್ವಿಚ್ ಒತ್ತಿದೆ.

ಯಂತ್ರ ಗುಂಯ್ ಎನ್ನುತ್ತಿತ್ತು, ಗೋಡೆಯಾಚೆ ರೊಟ್ಟಿ ತಟತಟ. ಜೋಳದ ಹಿಟ್ಟಿನಂಥ ಪುಡಿ ನನ್ನ ಮೊಣಕಾಲ ಮೇಲೆ ಬೀಳುತ್ತಿತ್ತು. ಬೆಟಗೇರಿಯಿಂದ ಮುಂಡರಗಿಯವರೆಗೆ ಎಲ್ಲ ಮನೆಗಳ ಬಾಗಿಲ ಮೇಲೂ ನಾನು ಕೆತ್ತಿದ ಬಳ್ಳಿ, ನಾನು ಕೆತ್ತಿದ ನವಿಲು ಎಂದುಕೊಳ್ಳುತ್ತ ಕಣ್ಣು ಮುಚ್ಚಿದೆ. ತೆರೆದಾಗ ಗಿರಿಜಾಳ ಹೆಸರು ಮೂಡಿತ್ತು. ಹಮ್ಮಿಗಿಯ ಹೊಳೆದಂಡೆಯಲ್ಲಿ ಸಂಜೆ ನೀರು ಸಣ್ಣಗೆ ಅಲುಗುತ್ತದಲ್ಲ, ಪ್ರತಿ ಅಕ್ಷರದ ಅಂಚೂ ಹಾಗೇ ಅಲುಗಿತ್ತು. ನನಗೆ ಖರೆ ನಾಚಿಕೆಯಾಯಿತು. ಜಲ್ದಿ ಹೋಗಿ ಫ್ಲೆಕ್ಸ್ ಮಾಡಿಸಿಕೊಂಡು ಬರುತ್ತೇನೆಂದೆ. ಅವಳು ಹಿಟ್ಟಿನ ಬೆರಳನ್ನು ಹೆಸರಿನ ಮೇಲೆ ಮೆಲ್ಲಗೆ ಆಡಿಸಿ, "ಇರಲಿ ಬಿಡ್ರಿ, ನಂಗ ಇದ ಬೇಕು" ಎಂದಳು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಬೆಳಿಗ್ಗೆ ನಾನಿನ್ನೂ ಶಾಲೆಗೆ ಹೊರಟಿರಲಿಲ್ಲ; ಮೊದಲು ಬಂದವರು ಓಣಿಯ ಹಿರಿಯರೊಬ್ಬರು. ರೊಟ್ಟಿ ಕೇಳುವುದು ಬಿಟ್ಟು ಬೋರ್ಡನ್ನೇ ನೋಡುತ್ತ ನಿಂತರು. "ಕೈಕೆಲಸ ಏನ್ರಿ ಇದು? ಮಷಿನ್ನಿನಾಗ ಇಂಥಾ ಜೀವ ಬರಂಗಿಲ್ಲ ನೋಡ್ರಿ."

ಪ್ರಿಂಟರಿನ ಮೋಟಾರು, ಮಗ್ಗದ ಕಟ್ಟಿಗೆ ಎಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ಹೌದ್ರಿ, ಕೈಕೆಲಸ," ಎಂದೆ, ತುಸು ಎದೆ ಉಬ್ಬಿಸಿಯೇ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

"ಯಾರ ಕೈ ಅಂತನೂ ಹೇಳ್ರಿ," ಎಂದಳು ಗಿರಿಜಾ.